ಮೆಣಸಿನ ಕಾಳಿನ ಗುಂಡು

ಚದುರಂಗದ ಮಣೆಯ ಮೇಲೆ ಆನೆಯುಂಟು, ಕುದುರೆಯುಂಟು, ಒಂಟೆಯುಂಟು, ಮಂತ್ರಿಯುಂಟು, ಮುಂದಿನ ಸಾಲಿನಲ್ಲಿ ಕಾಲಾಳುಗಳುಂಟು. ತೋಪು ಮಾತ್ರ ಇಲ್ಲ. ಆ ಆಟ ಹುಟ್ಟಿದ ಕಾಲಕ್ಕೆ ಸಿಡಿಮದ್ದು ನಮ್ಮ ನಾಡಿನ ರಣರಂಗಕ್ಕೆ ಬಂದಿರಲಿಲ್ಲ. ಚೀನೀಯರು ತಮ್ಮ ಚದುರಂಗದಲ್ಲಿ ತೋಪಿಗೂ ಸ್ಥಾನ ಕೊಟ್ಟಿದ್ದಾರೆ. ಆ ಕಾಯಿ ನಡುವೆ ನಿಂತ ಒಂದು ಕಾಯಿಯನ್ನು ಹಾರಿ ಅದರಾಚೆಯದನ್ನು ಹೊಡೆಯುತ್ತದೆ. ಗೋಡೆಯ ಮೇಲಿಂದ ಗುಂಡು ಹಾರಿದಂತೆ! ನಮ್ಮಲ್ಲಿ ತೋಪು ಆಟಕ್ಕೆ ಬಂದುದು ಬೇರೊಂದು ಬಾಗಿಲಿನಿಂದ. ಅದು ನವರಾತ್ರಿಯ ಗೊಂಬೆಗಳ ಮೆಟ್ಟಿಲು.

ಮೈಸೂರು ಸೀಮೆಯ ಮನೆಗಳಲ್ಲಿ ಗೊಂಬೆ ಕೂರಿಸುವ ಪದ್ಧತಿಯನ್ನು ನೀವು ಬಲ್ಲಿರಿ. ಮೇಲಿನ ಮೆಟ್ಟಿಲಿನಲ್ಲಿ ಪಟ್ಟದ ಗೊಂಬೆಗಳು, ಅವುಗಳ ಕೆಳಗೆ ದೇವಾನುದೇವತೆಗಳು, ಎಲ್ಲಕ್ಕಿಂತ ಕೆಳಗೆ ನೆಲದ ಮೇಲೆ ಜಂಬೂಸವಾರಿ. ಆ ಸವಾರಿಯಲ್ಲಿ ಆನೆ, ಕುದುರೆ, ವಾದ್ಯದವರು, ಸಿಪಾಯಿಗಳು, ಅವರ ಹಿಂದೆ ಒಂದೆರಡು ತೋಪುಗಳು. ನಂಜನಗೂಡಿನ ನಮ್ಮ ಮನೆಯಲ್ಲಿಯೂ ಹೀಗೆಯೇ. ಒಂದು ವರ್ಷ ನನ್ನ ಮೊಮ್ಮಗಳು ಪ್ರತಿಯೊಂದು ಗೊಂಬೆಯ ಮುಂದೆಯೂ ಅದರ ಹೆಸರಿನ ಚೀಟಿಯನ್ನು ಇಡುತ್ತ ಬಂದಳು. ತೋಪಿನ ಮುಂದೆ 'ಟಿಪ್ಪೂ ಸುಲ್ತಾನನ ತೋಪು' ಎಂದು ಬರೆದಿಟ್ಟಳು. ಬಳಿಕ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ತಾತ, ಇದಕ್ಕೆ ರಬ್ಬರ್ ಚಕ್ರ ಇದೆಯಲ್ಲ! ಟಿಪ್ಪುವಿನ ಕಾಲದಲ್ಲಿ ರಬ್ಬರ್ ಚಕ್ರ ಇತ್ತೆ?" ಎಂದು ಕೇಳಿದಳು.

ಇರಲಿಲ್ಲ. ಚೀಟಿಯನ್ನು ಬದಲಾಯಿಸಬೇಕು, ಇಲ್ಲವೆ ತೋಪನ್ನು ಬದಲಾಯಿಸಬೇಕು. ಅವಳು ಎರಡನೆಯದನ್ನು ಆರಿಸಿಕೊಂಡಳು. ಅಂದಿನಿಂದ ನಮ್ಮ ಮನೆಯಲ್ಲಿ ಆಟಿಕೆಯ ತೋಪುಗಳನ್ನು ಪರೀಕ್ಷಿಸುವ, ಕುಲಗೋತ್ರ ಕಂಡುಹಿಡಿಯುವ, ಒಂದನ್ನು ಮತ್ತೊಂದಾಗಿ ಮಾರ್ಪಡಿಸುವ ಕಾರ್ಯ ನಡೆಯುತ್ತಿದೆ. ಕೊನೆಗೆ ಅದು ಕೇವಲ ಗೊಂಬೆಯ ಸಾಲಿನಲ್ಲಿ ನಿಲ್ಲದೆ ಒಂದು ಯುದ್ಧದಾಟವಾಗಿಯೂ ಬೆಳೆಯಿತು.

ಯುದ್ಧವನ್ನು ಮೇಜಿನ ಮೇಲೆ ಆಡುವ ಕಲ್ಪನೆ ಹೊಸದೇನಲ್ಲ. ಪ್ರಷ್ಯಾ ದೇಶದಲ್ಲಿ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ 1824ರಲ್ಲಿ, ನಕ್ಷೆಯ ಮೇಲೆ ಸಣ್ಣ ತುಂಡುಗಳನ್ನು ಸರಿಸಿ, ದಾಳಗಳನ್ನು ಉರುಳಿಸಿ ಆಡುವ ಆಟವನ್ನು ಸೇನಾಧಿಕಾರಿಗಳ ಶಿಕ್ಷಣಕ್ಕಾಗಿ ಪ್ರಕಟಿಸಿದನು. ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಪುಸ್ತಕವನ್ನು ಬರೆದು, ಸೀಸದ ಸಿಪಾಯಿಗಳನ್ನು ನೆಲದ ಮೇಲೆ ನಿಲ್ಲಿಸಿ, ಸ್ಪ್ರಿಂಗಿನಿಂದ ಮರದ ಗುಂಡು ಹಾರಿಸುವ ಆಟಿಕೆ ತೋಪಿನಿಂದ ಅವರನ್ನು ಉರುಳಿಸುವ ನಿಯಮಗಳನ್ನು ಕೊಟ್ಟನು. ಆ ಆಟವನ್ನು ನಾಲ್ಕು ಸಲ ಆಡಿದವನಿಗೆ ನಿಜವಾದ ಯುದ್ಧ ಎಂತಹ ಎಡವಟ್ಟಿನ ಕೆಲಸ ಎಂಬುದು ತಿಳಿಯುತ್ತದೆಂದು ಅವನೇ ಹೇಳಿದ್ದಾನೆ. ಮರುವರ್ಷವೇ ಯೂರೋಪಿನಲ್ಲಿ ಮಹಾಯುದ್ಧ ಆರಂಭವಾಯಿತು. ಅದನ್ನು ಆರಂಭಿಸಿದವರು ಅವನ ಪುಸ್ತಕವನ್ನು ಓದಿದ್ದರೋ ಇಲ್ಲವೋ!

ನಮ್ಮ ಬೀದಿಯ ಹಿರಿಯರೊಬ್ಬರು, "ದೇವರ ಮುಂದೆ ಕೊಲ್ಲುವ ವಸ್ತುವನ್ನು ಇಡುವುದೆ, ಮೇಷ್ಟ್ರೇ?" ಎಂದು ಆಕ್ಷೇಪಿಸಿದರು. ನಾನು ಉತ್ತರ ಹುಡುಕುತ್ತಿರುವಾಗಲೇ ನನ್ನ ಪತ್ನಿ, "ಚಾಮುಂಡಿಯ ಕೈಗಳಲ್ಲಿ ಇರುವುದು ಬರಿಯ ಹೂವೇ, ಸ್ವಾಮಿ?" ಎಂದು ಕೇಳಿ ಕೋಸಂಬರಿಯ ತಟ್ಟೆಯನ್ನು ಅವರ ಮುಂದಿಟ್ಟಳು.

ಈಗ ತೋಪುಗಳನ್ನು ಗುರುತಿಸುವ ಬಗೆಗೆ ಬರೋಣ. ನಂಜನಗೂಡಿನಲ್ಲಿ ಫಾಲ್ಗುಣ ಮಾಸದ ದೊಡ್ಡ ಜಾತ್ರೆಗೆ ಐದು ತೇರುಗಳು ಹೊರಡುತ್ತವೆ. ತೇರಿನ ಬೀದಿಯ ಆಚೀಚೆಗೆ ಆಟಿಕೆಯ ಅಂಗಡಿಗಳು ಬರುತ್ತವೆ. ತಿರುಮಕೂಡಲು ನರಸೀಪುರದ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ನಡೆದುಬಂದಿರುವ ಕುಂಭಮೇಳದಲ್ಲಿಯೂ ಇಂಥ ಅಂಗಡಿಗಳನ್ನು ಕಾಣಬಹುದು. ಹಿತ್ತಾಳೆಯದು, ತಗಡಿನದು, ಪ್ಲಾಸ್ಟಿಕ್ಕಿನದು, ಪೆನ್ಸಿಲ್ ಹೆರೆಯುವ ಸಾಧನವನ್ನು ಹೊಟ್ಟೆಯಲ್ಲಿಟ್ಟುಕೊಂಡದ್ದು, ಹೀಗೆ ಅಲ್ಲಿ ನಾನು ಕಂಡ ತೋಪುಗಳು ಹಲವು. ಅಂಗಡಿಯವನನ್ನು ಕೇಳಿದರೆ ಎಲ್ಲವೂ ಟಿಪ್ಪುವಿನದೇ. ಅವನದು ತಪ್ಪಲ್ಲ, ಅವನು ಮಾರುವುದು ಆಟಿಕೆಯನ್ನು, ಚರಿತ್ರೆಯನ್ನಲ್ಲ.

ಮೊದಲು ಚಕ್ರಗಳನ್ನು ನೋಡಬೇಕು. ಗಾಡಿಗೆ ನಾಲ್ಕು ಪುಟ್ಟ ಚಕ್ರಗಳಿದ್ದು, ಅವುಗಳಲ್ಲಿ ಅರೆಕಾಲುಗಳಿಲ್ಲದೆ ಮರದ ಬಿಲ್ಲೆಯಂತೆ ಇದ್ದರೆ, ಅದು ಹಡಗಿನ ಅಟ್ಟದ ಮೇಲೆ ಅಥವಾ ಕೋಟೆಯ ಕೊತ್ತಲದ ಮೇಲೆ ನಿಲ್ಲತಕ್ಕ ತೋಪು. ಸಮತಟ್ಟಾದ ನೆಲದಲ್ಲಿ ನಾಲ್ಕು ಹೆಜ್ಜೆ ಹಿಂದೆ ಮುಂದೆ ಉರುಳಿದರೆ ಅದಕ್ಕೆ ಸಾಕು, ದೇಶ ಸುತ್ತಬೇಕಾಗಿಲ್ಲ. ಎರಡೇ ಚಕ್ರಗಳಿದ್ದು, ಅವು ದೊಡ್ಡವಾಗಿದ್ದು, ನಮ್ಮ ಎತ್ತಿನ ಗಾಡಿಯಂತೆಯೇ ಗುಂಬ, ಅರೆಕಾಲು, ಕಬ್ಬಿಣದ ಪಟ್ಟಿ ಉಳ್ಳವಾಗಿದ್ದರೆ ಅದು ಬಯಲಿನಲ್ಲಿ ಕಾದುವ ತೋಪು. ಚಕ್ರ ದೊಡ್ಡದಾದಷ್ಟೂ ಹಳ್ಳತಿಟ್ಟುಗಳನ್ನು ಸುಲಭವಾಗಿ ದಾಟುತ್ತದೆ. ಇದನ್ನು ನನಗೆ ಚೆನ್ನಾಗಿ ಮನಗಾಣಿಸಿದವರು ನರಸೀಪುರದಲ್ಲಿ ಗಾಡಿಯ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬರು. ನಾನು ಕೊಂಡೊಯ್ದ ಹಿತ್ತಾಳೆಯ ತೋಪನ್ನು ಅವರು ಅಂಗೈಯಲ್ಲಿಟ್ಟು ನೋಡಿ, "ಮೇಷ್ಟ್ರೇ, ಈ ಚಕ್ರದಲ್ಲಿ ಮೊದಲನೇ ಮಳೆಗೇ ಗಾಡಿ ಹೂತುಹೋಗ್ತದೆ" ಎಂದರು. ತೋಪಿನ ನಳಿಗೆಯನ್ನು ಅವರು ನೋಡಲೇ ಇಲ್ಲ.

ನನ್ನ ಮೊಮ್ಮಗಳ ಕಣ್ಣಿಗೆ ಬಿದ್ದ ತೋಪಿನಲ್ಲಿ ರಬ್ಬರ್ ಚಕ್ರದ ಜೊತೆಗೆ ನಳಿಗೆಯ ಇಕ್ಕೆಲಗಳಲ್ಲಿ ತಗಡಿನ ಅಡ್ಡಗುರಾಣಿಯೂ ಇತ್ತು. ಚಕ್ರಕ್ಕಿಂತಲೂ ಖಚಿತವಾದ ಗುರುತು ಈ ಗುರಾಣಿ. ಹಳೆಯ ಕಾಲದ ತೋಪು ಗುಂಡು ಹಾರಿಸಿದ ಕೂಡಲೇ ತಾನೂ ಗಾಡಿಸಮೇತ ಹಲವು ಅಡಿ ಹಿಂದಕ್ಕೆ ನೆಗೆಯುತ್ತಿತ್ತು. ಅದರ ಹಿಂದೆ ನಿಂತವನ ಗತಿಯನ್ನು ಹೇಳಬೇಕಾಗಿಲ್ಲ. ಪ್ರತಿ ಸಲವೂ ಅದನ್ನು ಮತ್ತೆ ಮುಂದಕ್ಕೆ ತಳ್ಳಿ, ಮತ್ತೆ ಗುರಿ ಹಿಡಿಯಬೇಕಾಗಿತ್ತು. 1897ರಲ್ಲಿ ಫ್ರೆಂಚರು ನಿರ್ಮಿಸಿದ 75 ಮಿಲಿಮೀಟರ್ ತೋಪಿನಲ್ಲಿ ಎಣ್ಣೆ ಮತ್ತು ಗಾಳಿಯ ಒತ್ತಡದಿಂದ ನಳಿಗೆಯೊಂದೇ ಹಿಂದಕ್ಕೆ ಜಾರಿ ಮರಳಿ ತನ್ನ ಸ್ಥಾನಕ್ಕೆ ಬರುವ ಏರ್ಪಾಡು ಇತ್ತು, ಗಾಡಿ ಕದಲುತ್ತಿರಲಿಲ್ಲ. ಗಾಡಿ ಕದಲದಿದ್ದರೆ ತಾನೆ ಅದರ ಪಕ್ಕದಲ್ಲಿ ಮನುಷ್ಯನು ನಿಂತಿರಲು ಸಾಧ್ಯ, ಅವನಿಗೆ ಮರೆಯಾಗಿ ಗುರಾಣಿ ಬೇಕಾಗುವುದು? ಆದುದರಿಂದ ಗುರಾಣಿಯುಳ್ಳ ತೋಪನ್ನು ಕಂಡರೆ ಅದು ಹೆಚ್ಚು ಕಡಿಮೆ ಇಪ್ಪತ್ತನೆಯ ಶತಮಾನದ್ದೆಂದು ಹೇಳಬಹುದು. ಅದನ್ನು ಶ್ರೀರಂಗಪಟ್ಟಣದ ಯುದ್ಧಕ್ಕೆ ತರಲು ಯಾವ ಉಪಾಯವೂ ಇಲ್ಲ.

ಇನ್ನು ನಳಿಗೆ. ಹದಿನೆಂಟನೆಯ ಶತಮಾನದ ನಳಿಗೆ ಹಿಂದೆ ದಪ್ಪ, ಮುಂದೆ ಸಣ್ಣ. ತುದಿಯಲ್ಲಿ ಮತ್ತೆ ತುಸು ಅರಳಿದ ತುಟಿ. ಮೈಮೇಲೆ ಅಲ್ಲಲ್ಲಿ ಬಳೆಗಳಂತಹ ಏಣುಗಳು. ಹಿಂಭಾಗದಲ್ಲಿ ಒಂದು ಗುಬುಟು. ಮೈಯೆಲ್ಲ ನುಣುಪಾಗಿ ಬಾಟಲಿಯ ಆಕಾರದಲ್ಲಿದ್ದರೆ ಅದು ಹತ್ತೊಂಬತ್ತನೆಯ ಶತಮಾನದ ನಡುಗಾಲದ್ದು, ಅಮೆರಿಕದ ಅಂತರ್ಯುದ್ಧದ ಸುತ್ತಮುತ್ತಲಿನದು. ಅಂಗಡಿಗಳಲ್ಲಿ ಸಿಕ್ಕುವ ಅಗ್ಗದ ಪ್ಲಾಸ್ಟಿಕ್ ತೋಪುಗಳಲ್ಲಿ ಬಹುಪಾಲು ಈ ಜಾತಿಯವು. ಸಿಪಾಯಿಗಳ ಜೊತೆಯಲ್ಲಿ ಒಂದೇ ಚೀಲದಲ್ಲಿ ಬರುತ್ತವೆ.

ಆಕಾರ ಸರಿಯಾದರೂ ಪ್ರಮಾಣ ಸರಿಯಾಗಿರಬೇಕಲ್ಲ? ಇಲ್ಲಿ ನಮ್ಮ ನೆರವಿಗೆ ಬಂದುದು ಅಡಿಗೆಮನೆಯ ಸಾಂಬಾರದ ಡಬ್ಬಿ. ಸಾಮಾನ್ಯವಾಗಿ ಆಟಿಕೆಯ ಸಿಪಾಯಿಯ ಎತ್ತರ 54 ಮಿಲಿಮೀಟರ್. 173 ಸೆಂಟಿಮೀಟರ್ ಎತ್ತರದ ಮನುಷ್ಯನನ್ನು ಮೂವತ್ತೆರಡರಲ್ಲಿ ಒಂದು ಪಾಲಿಗೆ ಇಳಿಸಿದರೆ ಈ ಅಳತೆ ಬರುತ್ತದೆ. ಆ ಕಾಲದಲ್ಲಿ ತೋಪುಗಳನ್ನು ಅವು ಹಾರಿಸುವ ಗುಂಡಿನ ತೂಕದಿಂದ ಕರೆಯುತ್ತಿದ್ದರು. ಮೂರು ಪೌಂಡಿನ ತೋಪು, ಆರು ಪೌಂಡಿನದು, ಹದಿನೆಂಟರದು, ಇಪ್ಪತ್ತನಾಲ್ಕರದು ಎಂದು. ಇಪ್ಪತ್ತನಾಲ್ಕು ಪೌಂಡಿನ ಕಬ್ಬಿಣದ ಗುಂಡಿನ ಅಡ್ಡಳತೆ ಸುಮಾರು 14 ಸೆಂಟಿಮೀಟರ್. ಅದನ್ನು ಮೂವತ್ತೆರಡರಿಂದ ಭಾಗಿಸಿದರೆ ನಾಲ್ಕೂವರೆ ಮಿಲಿಮೀಟರಿಗೆ ಹತ್ತಿರ. ಅಂದರೆ ಒಂದು ಮೆಣಸಿನ ಕಾಳು! ಮೂರು ಪೌಂಡಿನ ಗುಂಡು ಹೀಗೆಯೇ ಇಳಿದು ದಪ್ಪ ಸಾಸಿವೆಯ ಕಾಳಾಗುತ್ತದೆ. ಆರು ಪೌಂಡಿನದು ಇವೆರಡರ ನಡುವೆ.

ಈ ಲೆಕ್ಕ ಸಿಕ್ಕಿದ ಮೇಲೆ ಮಕ್ಕಳು ಮನೆಯಲ್ಲಿದ್ದ ತೋಪುಗಳ ಬಾಯಿಗೆಲ್ಲ ಕಾಳು ಹಾಕಿ ನೋಡತೊಡಗಿದರು. ಒಂದು ತೋಪಿನ ಬಾಯಿಗೆ ಒಣ ಬಟಾಣಿ ಸರಾಗವಾಗಿ ಇಳಿಯಿತು. ಬಟಾಣಿಯನ್ನು ಮೂವತ್ತೆರಡು ಪಟ್ಟು ಹಿಗ್ಗಿಸಿದರೆ ಸುಮಾರು 60 ಕಿಲೋ ತೂಗುವ ಕಬ್ಬಿಣದ ಗುಂಡಾಗುತ್ತದೆ. ಅದನ್ನು ಎತ್ತಿ ನಳಿಗೆಗೆ ತುಂಬುವ ಸಿಪಾಯಿಯನ್ನು ಯಾವ ಗೊಂಬೆ ಮಾಡುವವನೂ ಇನ್ನೂ ಮಾಡಿಲ್ಲ. ಅಂಥ ಅಗಲದ ಬಾಯಿ ಇರಬಹುದಾದುದು ಒರಳಿನಂತೆ ಗಿಡ್ಡಾಗಿ, ಬಾಯನ್ನು ಆಕಾಶಕ್ಕೆ ತೆರೆದು, ಗೋಡೆಯ ಆಚೆಗೆ ಸಿಡಿಗುಂಡನ್ನು ಎಸೆಯುವ ತೋಪಿಗೆ ಮಾತ್ರ. ನಳಿಗೆಯ ಉದ್ದವನ್ನೂ ಕಾಳಿನಿಂದಲೇ ಅಳೆಯಬಹುದು. ಕೋಟೆ ಒಡೆಯುವ ಇಪ್ಪತ್ತನಾಲ್ಕು ಪೌಂಡಿನ ತೋಪಾದರೆ ಅದರ ನಳಿಗೆಯ ಉದ್ದಕ್ಕೂ ಇಪ್ಪತ್ತು ಮೆಣಸಿನ ಕಾಳುಗಳು ಸಾಲಾಗಿ ನಿಲ್ಲಬೇಕು. ಒರಳುತೋಪಿನಲ್ಲಿ ಎರಡು ಮೂರು ಬಟಾಣಿಗೆ ಜಾಗವಾದರೆ ಸಾಕು. ಗಣಿತದ ಪ್ರಮಾಣದ ಲೆಕ್ಕಗಳನ್ನು ಕಂಡರೆ ಮುಖ ಸಿಂಡರಿಸುತ್ತಿದ್ದ ಹುಡುಗನೊಬ್ಬನು ಆ ಸಂಜೆ ತಾನಾಗಿಯೇ ಹನ್ನೆರಡು ಲೆಕ್ಕಗಳನ್ನು ಮಾಡಿದನು. ಅವನ ಉಪಾಧ್ಯಾಯರಿಗೆ ಇದು ತಿಳಿಯದಿರಲಿ.

ಮಾರ್ಪಾಡಿನ ಕೆಲಸಕ್ಕೆ ಹೆಚ್ಚು ಸಾಮಗ್ರಿ ಬೇಕಾಗಿಲ್ಲ. ಬಾಟಲಿಯಾಕಾರದ ನಳಿಗೆಗೆ ಅಂಟು ಸವರಿ ದಪ್ಪ ದಾರವನ್ನು ಎರಡು ಮೂರು ಕಡೆ ಸುತ್ತಿದರೆ ಬಳೆಗಳಾಗುತ್ತವೆ. ಹಿಂದಕ್ಕೆ ಒಂದು ಮಣಿಯನ್ನು ಅಂಟಿಸಿದರೆ ಗುಬುಟು. ಬಾಯಿ ತೀರ ಅಗಲವಾದರೆ ಹಣ್ಣಿನ ರಸ ಕುಡಿಯುವ ಕೊಳವೆಯ ತುಂಡನ್ನು, ಸಣ್ಣ ತೋಪಾದರೆ ಬರೆದು ಮುಗಿದ ಬಾಲ್ ಪೆನ್ನಿನ ರೀಫಿಲ್ಲನ್ನು ಒಳಗೆ ಸೇರಿಸಿ ಸುತ್ತ ಎಮ್-ಸೀಲ್ ತುಂಬಬೇಕು. ಗಾಡಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹದಿನೆಂಟನೆಯ ಶತಮಾನದ ಬಹುಭಾಗ ತೋಪಿನ ಗಾಡಿಗೆ ಎರಡು ದಪ್ಪ ಹಲಗೆಗಳು ಆಚೀಚೆ ಇದ್ದು ಹಿಂದಕ್ಕೆ ಇಳಿದು ನೆಲ ಮುಟ್ಟುತ್ತಿದ್ದವು. ಆ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷರು ಹಗುರವಾದ ತೋಪುಗಳಿಗೆ ಒಂದೇ ದಿಮ್ಮಿಯ ಗಾಡಿಯನ್ನು ಬಳಕೆಗೆ ತಂದರು. ಆಟಿಕೆಗಳಲ್ಲಿ ಸಿಕ್ಕುವುದು ಬಹುಮಟ್ಟಿಗೆ ಈ ಒಂಟಿ ದಿಮ್ಮಿಯೇ. ಐಸ್‌ಕ್ರೀಮ್ ಕಡ್ಡಿಗಳನ್ನು ಕೊಯ್ದು ಪಕ್ಕದ ಹಲಗೆಗಳನ್ನಾಗಿ ಮಾಡಿ ಅಂಟಿಸಿದರೆ ಅದು ಹತ್ತಿಪ್ಪತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ನಾಲ್ಕು ಪುಟ್ಟ ಚಕ್ರದ ಹಡಗಿನ ತೋಪನ್ನಾದರೋ ಏನೂ ಮಾಡದೆ ಕೋಟೆಯ ಕೊತ್ತಲಕ್ಕೆ ಏರಿಸಬಹುದು.

ಬಣ್ಣದಲ್ಲಿಯೂ ಒಂದು ಮಾತು. ಜಾತ್ರೆಯ ತೋಪು ಚಿನ್ನದಂತೆ ಹೊಳೆಯುತ್ತದೆ. ಕಬ್ಬಿಣದ ತೋಪು ಕಪ್ಪಾಗಿರಬೇಕು. ಕಂಚಿನದು ಹಳೆಯ ಪೂಜೆಯ ಗಂಟೆಯ ಬಣ್ಣಕ್ಕೆ ತಿರುಗಿರಬೇಕು. ಟಿಪ್ಪುವಿನ ಕಂಚಿನ ತೋಪುಗಳಲ್ಲಿ ಕೆಲವಕ್ಕೆ ಬಾಯಿಯೇ ಹುಲಿಯ ಬಾಯಿ. ಮೈಮೇಲೆ ಹುಲಿಯ ಪಟ್ಟೆಗಳು, ಪಾರಸಿ ಲಿಪಿಯ ಬರಹ. 1799ರ ಬಳಿಕ ಅವುಗಳಲ್ಲಿ ಹಲವು ಬ್ರಿಟನ್ನಿಗೆ ಹೋದವು. ಅವನ ಅರಮನೆಯಲ್ಲಿದ್ದ, ಸಿಪಾಯಿಯ ಮೇಲೆರಗಿ ಗರ್ಜಿಸುವ ಮರದ ಹುಲಿಯಂತೂ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಮೊಮ್ಮಗಳು ಎಮ್-ಸೀಲಿನಿಂದ ಹುಲಿಯ ಮುಖವನ್ನು ತಿದ್ದಲು ಮೂರು ದಿನ ಶ್ರಮಪಟ್ಟಳು. ಮೊದಲ ದಿನ ಅದು ಬೆಕ್ಕಾಗಿತ್ತು, ಎರಡನೆಯ ದಿನ ಹಂದಿ.

ಮೈಸೂರಿನ ಸೈನ್ಯಕ್ಕೆ 'ಬಾಣ'ಗಳೂ ಬೇಕು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿನ ಕೋಲಿಗೆ ಕಟ್ಟಿ ಹಾರಿಸುತ್ತಿದ್ದ ಈ ರಾಕೆಟ್ಟುಗಳನ್ನು ಕಂಡೇ ಇಂಗ್ಲೆಂಡಿನ ಕಾಂಗ್ರೀವ್ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ತನ್ನ ರಾಕೆಟ್ಟುಗಳನ್ನು ನಿರ್ಮಿಸಿದನು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಒಂದು ಹಾಳುಬಾವಿಯಿಂದ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳನ್ನು ಹೊರತೆಗೆದರು. ಊದುಬತ್ತಿ ಉರಿದು ಉಳಿದ ಕಡ್ಡಿಗೆ ರೀಫಿಲ್ಲಿನ ಅರ್ಧ ಸೆಂಟಿಮೀಟರ್ ತುಂಡನ್ನು ಕಟ್ಟಿದರೆ ಬಾಣ ಸಿದ್ಧ. ನಮ್ಮ ಮನೆಯಲ್ಲಿ ಇವು ನೂರಕ್ಕೂ ಹೆಚ್ಚಿವೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಚೌಕಾಕಾರವಾಗಿ ನಿಂತ ಇಂಗ್ಲಿಷ್ ದಳದ ನಡುವೆ ಮದ್ದಿನ ಬಂಡಿ ಸಿಡಿಯುತ್ತಿರುವುದನ್ನು ಅಲ್ಲಿ ಕಾಣಬಹುದು. ಈ ಕೆಲಸಕ್ಕೆ ಕೈಹಾಕುವವರು ಆ ಗೋಡೆಯ ಮುಂದೆ ಒಂದು ಗಂಟೆ ನಿಲ್ಲುವುದು ಒಳ್ಳೆಯದು.

ತೋಪುಗಳು ಸಿದ್ಧವಾದವು. ಅವುಗಳನ್ನು ಆಡಿಸುವುದು ಹೇಗೆ? ವೆಲ್ಸನಂತೆ ನಿಜವಾಗಿ ಗುಂಡು ಹೊಡೆಯುವುದು ಬೇಡವೆಂದು ಮೊದಲೇ ತೀರ್ಮಾನಿಸಿದೆವು. ಮನೆಯಲ್ಲಿ ಗಾಜಿನ ಸಾಮಾನು ಬಹಳ. ತೋಪು ಎಷ್ಟು ಹೊತ್ತಿಗೊಮ್ಮೆ ಹಾರಬೇಕೆಂಬುದನ್ನು ದಸರೆಯ ಕುಶಾಲತೋಪಿನಿಂದ ಕಲಿತೆವು. ವಿಜಯದಶಮಿಯಂದು ಮೈಸೂರಿನಲ್ಲಿ ಚಾಮುಂಡೇಶ್ವರಿಗೆ ಪುಷ್ಪಾರ್ಚನೆಯಾಗುವಾಗ 21 ಸುತ್ತು ತೋಪು ಹಾರಿಸುತ್ತಾರೆ. ಆನೆ ಕುದುರೆಗಳು ಬೆದರದಿರಲೆಂದು ಅದಕ್ಕೆ ಮುಂಚೆ ತಾಲೀಮು ನಡೆಯುತ್ತದೆ. ಒಂದು ಸಲ ಹಾರಿಸಿದ ಕೂಡಲೇ ಉದ್ದನೆಯ ಕೋಲಿನಿಂದ ನಳಿಗೆಯ ಒಳಗನ್ನು ಒರೆಸುವುದನ್ನು ಅಲ್ಲಿ ಕಾಣಬಹುದು. ಒಳಗೆ ಒಂದು ಕಿಡಿ ಉಳಿದಿದ್ದರೂ ಮುಂದಿನ ಮದ್ದು ತುಂಬುವವನ ಕೈಯಲ್ಲಿಯೇ ಹೊತ್ತಿಕೊಳ್ಳುತ್ತದೆ. ಆದುದರಿಂದ ನಮ್ಮ ಆಟದಲ್ಲಿ ತೋಪು ಒಂದು ಸರದಿಯಲ್ಲಿ ಹಾರಿದರೆ ಮರುಸರದಿಯಲ್ಲಿ ಸುಮ್ಮನಿರಬೇಕು. ಗುಂಡು ತಾಕಿತೋ ಇಲ್ಲವೋ ಎಂಬುದನ್ನು ಕವಡೆಗಳು ಹೇಳುತ್ತವೆ.

ನೆಲದ ಅಳತೆಗೆ ಬೇರೆಯೇ ಲೆಕ್ಕ ಬೇಕಾಯಿತು. ಒಂದು ಕಿಲೋಮೀಟರ್ ದೂರವನ್ನು ಮೂವತ್ತೆರಡರಲ್ಲಿ ಒಂದು ಪಾಲಿಗೆ ಇಳಿಸಿದರೂ 31 ಮೀಟರ್ ಆಗುತ್ತದೆ. ಗುಂಡು ನಮ್ಮ ಮನೆಯಿಂದ ಹೊರಟು ಎದುರು ಬೀದಿಯಲ್ಲಿ ಬೀಳಬೇಕು. ಆದ್ದರಿಂದ ಒಂದು ಗೇಣಿಗೆ ಎರಡು ಮೈಲಿ ಎಂದು ಇಟ್ಟುಕೊಂಡು, ಮಳವಳ್ಳಿಯಿಂದ ಶ್ರೀರಂಗಪಟ್ಟಣದವರೆಗಿನ ಸೀಮೆಯನ್ನು ನಡುಮನೆಯಲ್ಲಿ ಸೀಮೆಸುಣ್ಣದಿಂದ ಬರೆದು, ಕಾವೇರಿಗೆ ಹಳೆಯ ನೀಲಿ ಸೀರೆಯೊಂದನ್ನು ಹಾಸಿದೆವು.

ನಾವು ಆಡಬೇಕೆಂದುಕೊಂಡ ಕಥೆಯ ಒಂದು ಮುಖ್ಯ ಭಾಗ ನರಸೀಪುರ ತಾಲ್ಲೂಕಿನಲ್ಲಿಯೇ ನಡೆದದ್ದು. ಅದು ಹೀಗಿದೆ. 1791ರಲ್ಲಿ ಕಾರ್ನ್‌ವಾಲಿಸ್ ಅರಕೆರೆಯ ಮಾರ್ಗವಾಗಿ ಶ್ರೀರಂಗಪಟ್ಟಣದ ಬಳಿಗೆ ಬಂದನು. ಮೇ ತಿಂಗಳಲ್ಲಿ ಅರಕೆರೆಯ ಹತ್ತಿರ ನಡೆದ ಯುದ್ಧದಲ್ಲಿ ಗೆದ್ದನು. ಆದರೆ ಅವನ ಎತ್ತುಗಳು ಮೇವಿಲ್ಲದೆಯೂ ರೋಗದಿಂದಲೂ ಸತ್ತುಹೋಗಿದ್ದವು, ಮಳೆ ಹಿಡಿದಿತ್ತು. ಕೋಟೆಯನ್ನು ಒಡೆಯಲೆಂದು ಅಷ್ಟು ದೂರದಿಂದ ಎಳೆತಂದ ಭಾರಿ ತೋಪುಗಳನ್ನು ಕನ್ನಂಬಾಡಿಯ ಬಳಿ ತಾನೇ ಒಡೆದು ಹಾಳುಮಾಡಿ ಹಿಂದಿರುಗಿದನು. ಎಂಟು ವರ್ಷಗಳ ತರುವಾಯ, 1799ರಲ್ಲಿ, ಜನರಲ್ ಹ್ಯಾರಿಸ್ ಬಂದಾಗ ಟಿಪ್ಪುವು ಆ ಹಳೆಯ ಮಾರ್ಗದಲ್ಲಿಯೇ ಅವನನ್ನು ನಿರೀಕ್ಷಿಸಿದನು. ಅಲ್ಲಿಯ ಮೇವನ್ನು ಸುಡಿಸಿಯೂ ಇದ್ದನು. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಯುದ್ಧವಾಯಿತು. ಆ ಬಳಿಕ ಹ್ಯಾರಿಸ್ ಹಳೆಯ ಮಾರ್ಗವನ್ನು ಬಿಟ್ಟು ದಕ್ಷಿಣಕ್ಕೆ ತಿರುಗಿ, ಸೋಸಲೆಯ ಬಳಿ, ಬೇಸಗೆಯಲ್ಲಿ ಇಳಿದಿದ್ದ ಕಾವೇರಿಯನ್ನು ತಿಂಗಳ ಕೊನೆಯಲ್ಲಿ ದಾಟಿಬಿಟ್ಟನು. ಆ ಕಡೆ ಮೇವು ಸುಟ್ಟಿರಲಿಲ್ಲ. ಏಪ್ರಿಲ್ 5ಕ್ಕೆ ಶ್ರೀರಂಗಪಟ್ಟಣದ ಮುಂದಿದ್ದನು. ಮೇ 4ರ ಮಧ್ಯಾಹ್ನ ಕೋಟೆ ಬಿತ್ತು, ಟಿಪ್ಪು ಮಡಿದನು. ಕೋಟೆಯೊಳಗೆ ಸಿಕ್ಕಿದ ತೋಪುಗಳು 900ಕ್ಕೂ ಹೆಚ್ಚು.

ಮಕ್ಕಳಿಗೆ ಈ ಸಂಖ್ಯೆ ದೊಡ್ಡ ಒಗಟಾಯಿತು. "ಒಂಬೈನೂರು ತೋಪು ಇಟ್ಟುಕೊಂಡು ಸೋತದ್ದು ಹೇಗೆ, ತಾತ?" ಎಂದು ಮೊಮ್ಮಗಳು ಕೇಳಿದಳು. ನಾನು ಉತ್ತರ ಹೇಳದೆ, ಆಡಿ ನೋಡಿ ಎಂದೆ. ಅವಳು ಟಿಪ್ಪುವಿನ ಕಡೆಯನ್ನು ವಹಿಸಿಕೊಂಡು ತನ್ನ ತೋಪುಗಳನ್ನೆಲ್ಲ ಅರಕೆರೆಯ ದಾರಿಯಲ್ಲಿ ನಿಲ್ಲಿಸಿದಳು. ಎದುರಾಳಿ ಹುಡುಗನು ಸೋಸಲೆಗೆ ತಿರುಗಿದನು. ಅವಳು ಕೂಡಲೇ ತೋಪುಗಳನ್ನು ಎತ್ತಿ ಸೋಸಲೆಯ ದಂಡೆಗೆ ಇಡಹೋದಾಗ, ನಾನು ತಡೆದು, "ಯಾವ ಎತ್ತು ಎಳೆದವಮ್ಮ?" ಎಂದು ಕೇಳಿದೆ. ಕೈಯಿಂದ ಎತ್ತಿ ಇಡುವಷ್ಟು ಹಗುರವಾಗಿದ್ದ ಆಟಿಕೆ ಆ ಕ್ಷಣದಿಂದ ಭಾರವಾಯಿತು. ಇಪ್ಪತ್ತನಾಲ್ಕು ಪೌಂಡಿನ ಕಬ್ಬಿಣದ ತೋಪಿನ ನಳಿಗೆಯೊಂದೇ ಸುಮಾರು 2500 ಕಿಲೋ ತೂಗುತ್ತದೆ. ಗಾಡಿಯ ತೂಕ ಬೇರೆ.

ಆ ವರ್ಷ ಮಕ್ಕಳನ್ನು ಮುಡುಕುತೊರೆಯ ದನಗಳ ಜಾತ್ರೆಗೆ ಕರೆದುಕೊಂಡು ಹೋದೆ. ಹಳ್ಳಿಕಾರ್ ಎತ್ತುಗಳು ಸಾಲುಸಾಲಾಗಿ ನಿಂತಿದ್ದವು. ಮೈಸೂರಿನ ಅರಸರ ಕಾಲದಲ್ಲಿ ಆರಂಭವಾಗಿ ಟಿಪ್ಪುವಿನಿಂದ ಅಮೃತ ಮಹಲ್ ಎಂಬ ಹೆಸರು ಪಡೆದ ದನಗಳ ಇಲಾಖೆಯ ರಾಸುಗಳಿಗೂ ಈ ತಳಿಗೂ ಹತ್ತಿರದ ನಂಟು. ಹೈದರನ ದಂಡು ಶತ್ರುವಿಗಿಂತ ಚುರುಕಾಗಿ ಓಡಾಡುತ್ತಿದ್ದುದು ಅವುಗಳ ಬಲದಿಂದಲೇ. ನಾನು ರೈತರೊಬ್ಬರನ್ನು, ಒಂದು ಜೋಡಿ ಎಷ್ಟು ಭಾರ ಎಳೆಯುತ್ತದೆ ಎಂದು ಕೇಳಿದೆ. ಅವರು ಎತ್ತಿನ ಗಂಗೆದೊಗಲನ್ನು ಸವರುತ್ತ, "ಭಾರ ಎಷ್ಟು ಅಂತ ಕೇಳಬ್ಯಾಡಿ ಮೇಷ್ಟ್ರೇ, ದಾರಿ ಯಾವುದು ಅಂತ ಕೇಳಿ. ಮರಳಲ್ಲಿ ಬರೀ ಗಾಡಿನೇ ಭಾರ" ಎಂದರು. ಸೋಸಲೆಯ ಹೊಳೆಯಲ್ಲಿ ಮರಳಿನದೇ ಕಷ್ಟವೆಂಬುದು ಮಕ್ಕಳಿಗೆ ಹೊಳೆಯಿತು. ಮನೆಗೆ ಬಂದು ಅವರೇ ನಿಯಮ ಬರೆದರು: ಸಣ್ಣ ತೋಪಿಗೆ ಎರಡು ಜೋಡಿ, ಭಾರಿ ತೋಪಿಗೆ ಎಂಟು ಜೋಡಿ, ಹೊಳೆ ದಾಟುವಾಗ ಅದಕ್ಕೆ ಇಮ್ಮಡಿ, ಇಲ್ಲವೆ ಹಿಂದಿನಿಂದ ತಲೆಯೊಡ್ಡಿ ತಳ್ಳಲು ಒಂದು ಆನೆ. ಗೊಂಬೆಯ ಪೆಟ್ಟಿಗೆಯಲ್ಲಿ ಆನೆಗಳಿಗೇನೂ ಕೊರತೆಯಿರಲಿಲ್ಲ. ದಿನಕ್ಕೊಮ್ಮೆ ಆರು ಕವಡೆ ಚೆಲ್ಲಬೇಕು. ಎಷ್ಟು ಬೋರಲಾಗಿ ಬೀಳುತ್ತವೆಯೋ ಅಷ್ಟು ಜೋಡಿ ಎತ್ತು ಸತ್ತಂತೆ. ಮೇವು ಸುಟ್ಟ ದಾರಿಯಲ್ಲಿ ಎರಡು ಸಲ ಚೆಲ್ಲಬೇಕು. ಎಳೆಯುವವರಿಲ್ಲದ ತೋಪು ಶತ್ರುವಿನ ಕೈಸೇರದಂತೆ ಅದನ್ನು ತಲೆಕೆಳಗು ಮಾಡಿ ಅಲ್ಲಿಯೇ ಬಿಟ್ಟು ಮುಂದೆ ಹೋಗಬೇಕು.

ಮುಂದಿನ ಆಟದಲ್ಲಿ ಮೊಮ್ಮಗಳು 1791ರ ಕಾರ್ನ್‌ವಾಲಿಸ್ ಆದಳು. ಅವಳ ಬಳಿ ಒಂದು ಇಪ್ಪತ್ತನಾಲ್ಕು ಪೌಂಡಿನ ತೋಪಿತ್ತು. ಅದರ ನಳಿಗೆಯನ್ನು ಹಾಲೆಮರದಲ್ಲಿ ಕಡೆಸಿ ತಂದಿದ್ದಳು. ಉಳಿದದ್ದೆಲ್ಲ ಅವಳದೇ ಕೈಕೆಲಸ; ಚಕ್ರದ ಒಂದೊಂದು ಅರೆಕಾಲನ್ನೂ ಬೆಂಕಿಕಡ್ಡಿಯಿಂದ ಕೂರಿಸಲು ಒಂದು ತಿಂಗಳು ಹಿಡಿದಿತ್ತು. ಅರಕೆರೆಯಲ್ಲಿ ಅವಳು ಗೆದ್ದಳು. ಮರುದಿನ ಕವಡೆ ಚೆಲ್ಲಿದಾಗ ಮೊದಲ ಸಲ ಐದು ಬೋರಲು, ಎರಡನೆಯ ಸಲ ನಾಲ್ಕು. ಅವಳ ಎತ್ತುಗಳೆಲ್ಲ ತೀರಿದವು. ಎದುರಾಳಿ ಸುಮ್ಮನೆ ನೋಡುತ್ತಿದ್ದನು. "ಗೆದ್ದಿದ್ದೇನಲ್ಲ ತಾತ, ಇದೊಂದನ್ನು ಬಿಡಬೇಕೆ?" ಎಂದಳು. ನಿಯಮ ಬರೆದವಳು ಅವಳೇ ಆದುದರಿಂದ ನಾನು ಮಾತನಾಡಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ತೋಪನ್ನು ಎರಡೂ ಕೈಗಳಿಂದ ಹಿಡಿದು, ಅರೆಕಾಲು ಮುರಿಯದಂತೆ ಮೆಲ್ಲಗೆ ತಲೆಕೆಳಗು ಮಾಡಿದಳು.

ಆ ರಾತ್ರಿ ಊಟಕ್ಕೆ ಕುಳಿತಾಗ, ಸತ್ತ ಎತ್ತುಗಳು ಯಾರವು, ಅವುಗಳನ್ನು ಹೊಡೆದುಕೊಂಡು ಬಂದವರು ಮನೆಗೆ ಹೇಗೆ ಹಿಂದಿರುಗಿದರು ಎಂದು ಕೇಳಿದಳು. ನಾನು ಓದಿದ ಪುಸ್ತಕಗಳಲ್ಲಿ ವಶವಾದ ತೋಪುಗಳ ಲೆಕ್ಕವಿದೆ, ಎತ್ತಿನವರ ಹೆಸರುಗಳಿಲ್ಲ. ಮರುವರ್ಷದ ಗೊಂಬೆಯ ಸಾಲಿನಲ್ಲಿ ಅವಳು ತೋಪುಗಳ ಮುಂದೆ ಎತ್ತುಗಳನ್ನು ಹೂಡಿ, ಜೇಡಿಮಣ್ಣಿನಿಂದ ಎತ್ತಿನವರನ್ನೂ ಮಾಡಿ ನಿಲ್ಲಿಸಿದಳು. ಆಕ್ಷೇಪಿಸಿದ್ದ ಹಿರಿಯರು ಆ ಸಲವೂ ಬಂದರು. ತೋಪಿನ ವಿಷಯ ಎತ್ತಲಿಲ್ಲ. ನೊಗ ಕಟ್ಟಿದ ರೀತಿ ಸರಿಯಿಲ್ಲವೆಂದು ಹೇಳಿ, ತಾವೇ ಕುಳಿತು ದಾರವನ್ನು ಬಿಚ್ಚಿ ಮತ್ತೆ ಕಟ್ಟಿಕೊಟ್ಟರು.

ಈಗ ನಮಗೆ ತೋಪುಗಳ ಚಿಂತೆಯಿಲ್ಲ, ಎತ್ತುಗಳದೇ ಚಿಂತೆ. ಎರಡು ಭಾರಿ ತೋಪಿಗೆ ಹದಿನಾರು ಜೋಡಿ, ಮೂರು ಸಣ್ಣವಕ್ಕೆ ಆರು; ಒಟ್ಟು ಇಪ್ಪತ್ತೆರಡು ಜೋಡಿ ಬೇಕು. ಅಂಗಡಿಯ ಪ್ಲಾಸ್ಟಿಕ್ ದನಗಳು ಪರದೇಶದ ತಳಿಯವು. ಅವುಗಳಿಗೆ ಎಮ್-ಸೀಲಿನಿಂದ ಹೆಗಲ ಮೇಲಿನ ಡುಬ್ಬವನ್ನು ಮೆತ್ತಿ, ಗಿಡ್ಡ ಕೊಂಬನ್ನು ಕತ್ತರಿಸಿ, ಸಣ್ಣ ತಂತಿಯನ್ನು ಹಿಂದಕ್ಕೆ ಬಾಗಿಸಿ ಹಳ್ಳಿಕಾರಿನ ಕೊಂಬನ್ನು ಕೂರಿಸಬೇಕು. ವಾರಕ್ಕೆ ಒಂದು ಜೋಡಿಗಿಂತ ಹೆಚ್ಚು ಆಗುವುದಿಲ್ಲ. ಇದುವರೆಗೆ ಒಂಬತ್ತು ಜೋಡಿ ಮುಗಿದಿವೆ. ಹತ್ತನೆಯದರ ಒಂದು ಎತ್ತಿಗೆ ಇನ್ನೂ ಎಡಗೊಂಬು ಬಾಕಿಯಿದೆ.